ರಕ್ಕಸಗಿ-ತಂಗಡಗಿ ಕದನವನ್ನು ಹಲಗೆಯ ಮೇಲೆ ಆಡಿ ನೋಡಿದರೆ

ಶಾಲೆಯ ಪುಸ್ತಕದಲ್ಲಿ ಅದು ತಾಳಿಕೋಟೆ ಕದನ. ಆದರೆ ತಾಳಿಕೋಟೆ ಇರುವುದು ವಿಜಯಪುರ ಜಿಲ್ಲೆಯಲ್ಲಿ, ಕೃಷ್ಣೆಯಿಂದ ಸಾಕಷ್ಟು ದೂರ. ಅಲ್ಲಿ ಸುಲ್ತಾನರ ದಂಡು ಬೀಡು ಬಿಟ್ಟಿತ್ತು, ಅಷ್ಟೇ. 1565ರ ಜನವರಿ 23ರ ಕಾದಾಟ ನಡೆದದ್ದು ಹೊಳೆ ದಾಟಿದ ಮೇಲೆ, ಈಚೆ ದಂಡೆಯಲ್ಲಿ. ಅದಕ್ಕೇ ಇದಕ್ಕೆ ರಕ್ಕಸಗಿ-ತಂಗಡಗಿ ಕದನ ಎಂಬ ಹೆಸರೂ ಉಂಟು. ರಕ್ಕಸಗಿ ನಮ್ಮ ಹುನಗುಂದ ತಾಲ್ಲೂಕಿನ ಊರು, ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನದು.

ಈ ಕದನದ ಬಗ್ಗೆ ಮೊಬೈಲಿಗೆ ಬರುವ ಸಂದೇಶಗಳು ಹೆಚ್ಚಾಗಿ ಒಂದೇ ಮಾತು ಹೇಳುತ್ತವೆ: "ಇಬ್ಬರು ಮುಸ್ಲಿಂ ಸರದಾರರು ಮೋಸ ಮಾಡಿದರು, ವಿಜಯನಗರ ಬಿತ್ತು." ಓದಿ ಮುಂದಕ್ಕೆ ಕಳಿಸುವುದು ಸುಲಭ. ಅದು ನಿಜವೇ ಎಂದು ಪರೀಕ್ಷಿಸಲು ಒಂದು ದಾರಿ ಇದೆ. ಅದು ಆಟದ ದಾರಿ.

ಹುಲಿ-ಕುರಿ ಆಟ ನಿಮಗೆ ಗೊತ್ತಿದೆ. ಹುಲಿ ಕಡಿಮೆ, ಕುರಿ ಹೆಚ್ಚು. ಹುಲಿಗೆ ಬಲ, ಕುರಿಗೆ ಸಂಖ್ಯೆ. ಎರಡೂ ಕಡೆ ಸಮ ಇಲ್ಲದಿದ್ದರೂ ಆಟ ನಡೆಯುತ್ತದೆ. ಯುದ್ಧದಾಟದ ಮೂಲ ಗುಟ್ಟೂ ಇದೇ. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಜ್ ನಕ್ಷೆ, ಕಾಯಿ, ದಾಳ ಇಟ್ಟುಕೊಂಡು ಅಧಿಕಾರಿಗಳಿಗೆ ಯುದ್ಧ ಕಲಿಸುವ ಆಟದ ನಿಯಮ ಪ್ರಕಟಿಸಿದ. 1954ರಲ್ಲಿ ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ಅಂಥದ್ದನ್ನು ಜನಸಾಮಾನ್ಯರಿಗೆ ಪೆಟ್ಟಿಗೆಯಲ್ಲಿ ಮಾರತೊಡಗಿದ. ಅವನ ಕಂಪನಿಯ ಆಟಗಳಲ್ಲಿ 1961ರ ಹೊತ್ತಿಗೆ ಚೌಕದ ಜಾಗಕ್ಕೆ ಆರು ಮೂಲೆಯ ಮನೆ ಬಂತು, ಥೇಟ್ ಜೇನುಗೂಡಿನ ಹಾಗೆ.

ಆರು ಮೂಲೆ ಯಾಕೆ? ಚೌಕದ ಮನೆಯಲ್ಲಿ ನೇರ ಹೋದರೆ ಒಂದು ಹೆಜ್ಜೆ, ಮೂಲೆಯಿಂದ ಮೂಲೆಗೆ ಹೋದರೆ ದೂರ ಸುಮಾರು ಒಂದೂವರೆ ಪಟ್ಟು. ಲೆಕ್ಕ ತಪ್ಪುತ್ತದೆ. ಜೇನುಗೂಡಿನ ಮನೆಗೆ ಆರೂ ಕಡೆಯ ನೆರೆಮನೆ ಸಮಾನ ದೂರ. ಬಯಲಾದರೆ ಒಂದು ಮನೆಗೆ ಒಂದು ಅಂಕ ಖರ್ಚು, ಗುಡ್ಡವಾದರೆ ಎರಡು, ಹೊಳೆಯಾದರೆ ಕಡವು ಇದ್ದಲ್ಲಿ ಮಾತ್ರ ದಾಟಬೇಕು. ಕಾಯಿಯ ಮೇಲೆ ಅದರ ಬಲ ಬರೆದಿರುತ್ತದೆ. ಎರಡು ಬಲ ಹೋಲಿಸಿ ದಾಳ ಉರುಳಿಸಿದರೆ ಫಲಿತಾಂಶ.

ಈಗ ನಮ್ಮ ಕೃಷ್ಣೆಯ ಮೇಲೆ ಈ ಜಾಲ ಹಾಸೋಣ. ಒಂದು ಮನೆಗೆ 5 ಕಿ.ಮೀ. ಎಂದರೆ ತಾಳಿಕೋಟೆಯಿಂದ ತಂಗಡಗಿ ಕಡೆಗೆ ಏಳೆಂಟು ಮನೆ. ಮೊದಲ ಎಡವಟ್ಟು ಇಲ್ಲೇ ಆಗುತ್ತದೆ. ಇಂದಿನ ನಕ್ಷೆ ನೋಡಿ ಹೊಳೆ ಬರೆದರೆ ತಪ್ಪು. ಈಗ ಕಾಣುವುದು ನಾರಾಯಣಪುರದ ಬಸವಸಾಗರದ ಹಿನ್ನೀರು. ಕೂಡಲಸಂಗಮದ ಐಕ್ಯಮಂಟಪಕ್ಕೆ ಸುತ್ತ ಗೋಡೆ ಕಟ್ಟಿದ್ದು ಆ ನೀರಿನಿಂದಲೇ. 1565ರಲ್ಲಿ ಅಣೆಕಟ್ಟು ಇರಲಿಲ್ಲ. ಮಳೆಗಾಲ ಮುಗಿದು ಜನವರಿಗೆ ಹೊಳೆ ಇಳಿದಿರುತ್ತಿತ್ತು. ಹಾಗಾಗಿ ಇಡೀ ಆಟ ಕಡವಿನ ಮೇಲೆ ನಿಲ್ಲುತ್ತದೆ.

ಇತಿಹಾಸಕಾರ ಫೆರಿಷ್ತಾ ಬರೆದಂತೆ ವಿಜಯನಗರದವರು ಕಡವನ್ನು ಭದ್ರವಾಗಿ ಕಾದಿದ್ದರು. ಸುಲ್ತಾನರು ಬೇರೆ ಕಡೆ ದಾಟುವವರಂತೆ ಮೂರು ದಿನ ದಂಡೆಗುಂಟ ಸಾಗಿದರು. ಕಾವಲಿನವರು ಈಚೆ ದಂಡೆಯಲ್ಲಿ ಬೆನ್ನು ಹತ್ತಿದರು. ಕಡವು ಖಾಲಿಯಾಯಿತು. ಸುಲ್ತಾನರು ರಾತ್ರೋರಾತ್ರಿ ತಿರುಗಿ ಬಂದು ದಾಟಿಬಿಟ್ಟರು. ಹಲಗೆಯ ಮೇಲೆ ಇದನ್ನು ಆಡಿದವರಿಗೆ ಕಾವಲಿನವನ ಸಂಕಟ ಗೊತ್ತಾಗುತ್ತದೆ. ನಿಂತರೆ ಮುಂದಿನ ಕಡವು ಹೋಗುತ್ತದೆ, ಹೋದರೆ ಹಿಂದಿನದು ಹೋಗುತ್ತದೆ.

ಕಾಳಗದ ಆರಂಭದಲ್ಲಿ ವಿಜಯನಗರದ ಎರಡೂ ಪಕ್ಕಗಳು ಮುಂದೊತ್ತಿದ್ದವು. ನಡುವೆ ಅಹಮದನಗರದ ಹುಸೇನ್ ನಿಜಾಮಶಾಹನ ತೋಪುಗಳು ತಡೆದವು. ರೂಮಿಖಾನ ತೋಪುಗಳಿಗೆ ತಾಮ್ರದ ನಾಣ್ಯ ತುಂಬಿ ಹಾರಿಸಿದನಂತೆ. ಮುದಿ ರಾಮರಾಯ ಪಲ್ಲಕ್ಕಿಯಲ್ಲಿದ್ದ. ಸೆರೆಸಿಕ್ಕ, ತಲೆ ಕಡಿದರು, ದಂಡು ಚದುರಿತು. ಆಟದಲ್ಲಿ ಇದಕ್ಕೆ ಒಂದೇ ಸಾಲಿನ ನಿಯಮ ಸಾಕು: ದೊರೆಯ ಕಾಯಿ ಹೋದರೆ ಎಲ್ಲ ಕಾಯಿಗಳ ಬಲ ಅರ್ಧ.

ಇನ್ನು ಮೋಸದ ಮಾತು. ಕದನವಾಗಿ ಎರಡು ವರ್ಷಕ್ಕೆ, 1567ರಲ್ಲಿ, ವಿಜಯನಗರಕ್ಕೆ ಬಂದಿದ್ದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ ಇಬ್ಬರು ಮುಸ್ಲಿಂ ದಂಡನಾಯಕರು ತಿರುಗಿಬಿದ್ದರೆಂದು ಬರೆದ. ಫೆರಿಷ್ತಾನ ವರ್ಣನೆಯಲ್ಲಿ ಆ ಸಂಗತಿಯೇ ಇಲ್ಲ. ಆಟದಲ್ಲಿ ಎರಡನ್ನೂ ಇಡಬಹುದು. ಹತ್ತು ಸಲ ಮೋಸದ ನಿಯಮ ಹಾಕಿ ಆಡಿ, ಹತ್ತು ಸಲ ತೆಗೆದು ಆಡಿ. ನಿಯಮ ತೆಗೆದ ಮೇಲೂ ವಿಜಯನಗರ ಸೋಲುವುದಿದ್ದರೆ, ಖಾಲಿ ಕಡವು, ತೋಪು, ಒಬ್ಬನೇ ಮುದಿ ದೊರೆ, ಇವುಗಳ ಬಗ್ಗೆ ಯೋಚಿಸಬೇಕಾಗುತ್ತದೆ. ಇದರಿಂದ ಸತ್ಯ ಸಾಬೀತಾಗುವುದಿಲ್ಲ, ಆದರೆ ಕೇಳುವ ಪ್ರಶ್ನೆ ಬದಲಾಗುತ್ತದೆ.

ಕಾಯಿಗಳಿಗೆ ಬಣ್ಣ ಹಚ್ಚುವಾಗಲೂ ಕಷ್ಟ. ಗೋಲ್ಕೊಂಡದ ಇಬ್ರಾಹಿಂ ಕುತುಬಶಾಹ ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ಬಿಜಾಪುರದ ಅಲಿ ಆದಿಲಶಾಹ ರಾಮರಾಯನ ಜೊತೆಗೂಡಿ ಅಹಮದನಗರದ ಮೇಲೆ ದಂಡೆತ್ತಿದ್ದ. ರಾಮರಾಯನ ದಂಡಿನಲ್ಲಿ ಮುಸ್ಲಿಮರಿದ್ದರು, ಸುಲ್ತಾನರ ದಂಡಿನಲ್ಲಿ ಮರಾಠರಿದ್ದರು. ಎರಡು ಧರ್ಮಕ್ಕೆ ಎರಡು ಬಣ್ಣ ಎಂದು ಹಚ್ಚಲು ಹೋದರೆ ಬಣ್ಣ ಕಲಸಿಹೋಗುತ್ತದೆ.

ಕಂಪ್ಯೂಟರಿನಲ್ಲಿ ಆಡುವುದಾದರೆ? 'ಯುರೋಪಾ ಯೂನಿವರ್ಸಾಲಿಸ್ 4' ಆಟ 1444ರಿಂದ ಶುರುವಾಗುತ್ತದೆ, ವಿಜಯನಗರವನ್ನೂ ಆಡಬಹುದು. ಆದರೆ ಲೆಕ್ಕವೆಲ್ಲ ಯಂತ್ರದ ಹೊಟ್ಟೆಯಲ್ಲಿ. ಯಾಕೆ ಸೋತೆವೆಂದು ಪೂರ್ತಿ ಕಾಣುವುದಿಲ್ಲ. 'ವೆಸ್ನಾತ್' ಉಚಿತ, ಆರು ಮೂಲೆ ಮನೆಗಳದ್ದು. ಕಥೆ ಕಾಲ್ಪನಿಕವಾದರೂ ಆಟ ಕಲಿಯಲು ಒಳ್ಳೆಯದು. 'ವಸಾಲ್' ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಹಲಗೆಯಾಟವನ್ನೇ ಪರದೆಯ ಮೇಲೆ ದೂರದ ಗೆಳೆಯರ ಜೊತೆ ಆಡಬಹುದು. ಅಮೆರಿಕದ ಜಿಎಂಟಿ ಕಂಪನಿ 'ವಿಜಯನಗರ' ಎಂಬ ಹಲಗೆಯಾಟವನ್ನೇ ತಂದಿದೆ. ಆದರೆ ಅದರ ಕಥೆ 1398ಕ್ಕೆ ನಿಲ್ಲುತ್ತದೆ, ರಕ್ಕಸಗಿಯವರೆಗೆ ಬರುವುದಿಲ್ಲ.

ಹಾಗಾದರೆ ನಾವೇ ಮಾಡಿಕೊಳ್ಳಬೇಕು. ಒಂದು ಡ್ರಾಯಿಂಗ್ ಹಾಳೆ, ರಟ್ಟಿನ ಚೂರು, ಎರಡು ದಾಳ ಸಾಕು. ಪ್ರೌಢಶಾಲೆಯ ಮಕ್ಕಳು ಒಂದು ಭಾನುವಾರದಲ್ಲಿ ಮಾಡಿಯಾರು. ಮಾಡುವಾಗ ಒಂದು ಮಾತು ನೆನಪಿರಲಿ. ಇಂಥ ಆಟಗಳಲ್ಲಿ ಸಾಮಾನ್ಯವಾಗಿ ರೈತನ ಕಾಯಿ ಇರುವುದಿಲ್ಲ. ಜನವರಿ ಎಂದರೆ ನಮ್ಮ ಎರಿ ಹೊಲದಲ್ಲಿ ಹಿಂಗಾರಿ ಜೋಳ ನಿಂತಿರುವ ಕಾಲ. ಅಷ್ಟು ಆನೆ, ಕುದುರೆ, ಕಾಲಾಳು ಆ ಹೊಲ ತುಳಿದೇ ಹೋಗಿರಬೇಕು. ದಂಡು ಹೋದ ಮನೆಗಳಿಗೆಲ್ಲ ಒಂದೊಂದು ಕರಿ ಚುಕ್ಕೆ ಇಡುತ್ತ ಆಡಿ. ಆಟ ಮುಗಿದ ಮೇಲೆ ಯಾರು ಗೆದ್ದರೆಂದು ನೋಡುವ ಮೊದಲು ಆ ಚುಕ್ಕೆಗಳನ್ನು ಎಣಿಸಿ.