ಕಿತ್ತಳೆ ಗಿಡದ ಸೊರಗು: ಒಂದು ಕಾರಣಶೋಧನೆಯ ಇತಿಹಾಸ

ನಾಗಪುರದ ಸಂತ್ರ, ಕೊಡಗಿನ ಕಾಫಿ ತೋಟಗಳ ಕಿತ್ತಳೆ, ಪಂಜಾಬಿನ ಮಾಲ್ಟಾ: ಇವು ಭಾರತದ ಹಣ್ಣಿನ ಕೃಷಿಗೆ ಕೀರ್ತಿ ತಂದ ಬೆಳೆಗಳು. ಆದರೆ ಸಮೃದ್ಧವಾಗಿ ಫಲ ಕೊಡುತ್ತಿದ್ದ ಗಿಡಗಳು ಕೆಲವೇ ವರ್ಷಗಳಲ್ಲಿ ಕೊಂಬೆಯ ತುದಿಯಿಂದ ಒಣಗುತ್ತ ಬಂದು ನಾಶವಾಗುವುದು ಈ ಎಲ್ಲ ಪ್ರಾಂತಗಳಲ್ಲಿಯೂ ಕಂಡುಬಂದಿದೆ. ಈ ಸೊರಗಿಗೆ ಕಾರಣವನ್ನು ಬಹುಕಾಲ ಮಣ್ಣಿನಲ್ಲಿಯೇ ಹುಡುಕಲಾಯಿತು. ನೀರು ನಿಲ್ಲುವ ನೆಲ, ಸುಣ್ಣದ ಆಧಿಕ್ಯ, ಗೊಬ್ಬರದ ಕೊರತೆ, ಬೇಸಾಯಗಾರನ ಅಲಕ್ಷ್ಯ ಇವುಗಳಲ್ಲಿ ಒಂದಲ್ಲ ಒಂದರ ಮೇಲೆ ಹೊಣೆ ಬೀಳುತ್ತಿದ್ದಿತು.

ಈ ಅಭಿಪ್ರಾಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ರೋಗ ತಗುಲಿದ ಎಲೆಯ ಹಳದಿ ಬಣ್ಣವು ಸತುವಿನ ಕೊರತೆಯಿಂದ ಬರುವ ಹಳದಿಯನ್ನು ಬಹುಮಟ್ಟಿಗೆ ಹೋಲುತ್ತದೆ. ಆದರೆ ಕೊರತೆಯ ಹಳದಿ ಎಲೆಯ ನಡುನರದ ಎರಡು ಪಕ್ಕಗಳಲ್ಲಿಯೂ ಸಮನಾಗಿರುತ್ತದೆ. ರೋಗದ ಹಳದಿಯಾದರೋ ಒಂದು ಪಕ್ಕದಂತೆ ಇನ್ನೊಂದು ಪಕ್ಕದಲ್ಲಿರದೆ ಮಚ್ಚೆಮಚ್ಚೆಯಾಗಿ ಕಾಣುತ್ತದೆ. ಹಣ್ಣು ಚಿಕ್ಕದಾಗಿ, ಓರೆಯಾಗಿ ಬೆಳೆದು, ಮಾಗುವ ಕಾಲ ಬಂದರೂ ತುದಿಯಲ್ಲಿ ಹಸಿರಾಗಿಯೇ ಉಳಿಯುತ್ತದೆ. ರುಚಿ ಕಹಿ, ಬೀಜ ಜೊಳ್ಳು. ಈ ಹಸಿರಿನಿಂದಲೇ ರೋಗಕ್ಕೆ ‘ಗ್ರೀನಿಂಗ್’ ಎಂಬ ಹೆಸರು ಬಂದಿತು.

ಸತ್ಯದ ಒಂದು ಎಳೆ 1927ರಷ್ಟು ಹಿಂದೆಯೇ ದೊರೆತಿದ್ದಿತು. ಪಂಜಾಬಿನಲ್ಲಿ ಹುಸೇನ್ ಮತ್ತು ನಾಥ್ ಎಂಬ ಕೀಟಶಾಸ್ತ್ರಜ್ಞರು ಸಿಲ್ಲಾ ಎಂಬ ಪುಟ್ಟ ರಸಹೀರುವ ಕೀಟದ ಹಾವಳಿಯನ್ನು ವರ್ಣಿಸುತ್ತ, ಅದು ಮುತ್ತಿದ ಗಿಡಗಳಲ್ಲಿ ಹಣ್ಣು ರುಚಿಗೆಡುವುದನ್ನೂ ಗಿಡಗಳು ಸಾಯುವುದನ್ನೂ ದಾಖಲಿಸಿದರು. ಆ ಸಾವನ್ನು ಅವರು ಕೀಟದ ವಿಷದ ಪರಿಣಾಮವೆಂದು ಬಗೆದರು. ಆ ಕೀಟ ಗಿಡದಿಂದ ಗಿಡಕ್ಕೆ ರೋಗವನ್ನು ಹೊತ್ತೊಯ್ಯುತ್ತದೆಂಬುದು ಸಿದ್ಧಪಡಲು ಇನ್ನೂ 40 ವರ್ಷಗಳು ಬೇಕಾದುವು.

ಈ ನಡುವೆ ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಲಿನ್ ಕೊಂಗ್‌ಶಿಯಾಂಗ್ ಎಂಬ ವಿದ್ವಾಂಸರು ಅಲ್ಲಿನ ‘ಹ್ವಾಂಗ್‌ಲೊಂಗ್‌ಬಿಂಗ್’, ಎಂದರೆ ಹಳದಿ ಚಿಗುರಿನ ರೋಗವು, ಕಸಿಯ ಮೂಲಕ ಹರಡುವುದೆಂದು 1956ರಲ್ಲಿ ಪ್ರಕಟಪಡಿಸಿದರು. ಮಣ್ಣಿನ ದೋಷ ಕಸಿಯ ಕಣ್ಣಿನೊಡನೆ ಸಾಗಲಾರದು. ಆದುದರಿಂದ ಇದು ಅಂಟುರೋಗವೆಂಬುದು ಸ್ಪಷ್ಟವಾಯಿತು. ಭಾರತದಲ್ಲಿ ಸಂಶೋಧಕರ ಗಮನ ಮೊದಲು ಹರಿದದ್ದು ಬ್ರೆಜಿಲ್ಲಿನ ತೋಟಗಳನ್ನು ಹಾಳುಗೆಡವಿದ್ದ ‘ಟ್ರಿಸ್ಟೆಜಾ’ ಎಂಬ ವೈರಸ್ ರೋಗದ ಕಡೆಗೆ. 1966ರಲ್ಲಿ ಆಸ್ಟ್ರೇಲಿಯದ ಲಿಲಿಯನ್ ಫ್ರೇಸರ್ ಅವರು ಭಾರತೀಯ ವಿಜ್ಞಾನಿಗಳೊಡನೆ ಸೇರಿ, ಇಲ್ಲಿನ ಸೊರಗಿಗೆ ಗ್ರೀನಿಂಗ್ ರೋಗವೇ ಕಾರಣವಾಗಿರಬಹುದೆಂದು ಸೂಚಿಸಿದರು. ಮರುವರ್ಷವೇ, 1967ರಲ್ಲಿ, ಕಪೂರ್, ರಾವ್ ಮತ್ತು ವಿಶ್ವನಾಥ್ ಅವರು ಭಾರತದಲ್ಲಿ ಸಿಲ್ಲಾ ಕೀಟವೇ ಇದರ ವಾಹಕವೆಂದು ತೋರಿಸಿಕೊಟ್ಟರು.

ರೋಗಾಣುವಿನ ಸ್ವರೂಪ ತಿಳಿದದ್ದು ಇನ್ನೂ ತಡವಾಗಿ. ವೈರಸ್ ಎಂದು ಭಾವಿಸಿದ್ದುದು ಗಿಡದ ಆಹಾರನಾಳಗಳಲ್ಲಿ ವಾಸಿಸುವ ಒಂದು ಬಗೆಯ ಬ್ಯಾಕ್ಟೀರಿಯವೆಂದು ಫ್ರಾನ್ಸಿನ ಬೊವೆ ಮತ್ತು ಅವರ ಸಂಗಡಿಗರ ಸಂಶೋಧನೆಗಳಿಂದ ನಿರ್ಧಾರವಾಯಿತು. 1994ರಲ್ಲಿ ಅವರು ಅದರ ಏಷ್ಯದ ಪ್ರಭೇದವನ್ನು ವಿವರಿಸಲು ಆಧಾರವಾಗಿ ಇರಿಸಿಕೊಂಡ ಮಾದರಿಗೆ ‘ಪೂನಾ’ ಎಂಬ ಹೆಸರೇ ಇರುವುದು ಗಮನಾರ್ಹ. ನಾಳಗಳು ಮುಚ್ಚಿಹೋಗುವುದರಿಂದ ಎಲೆಯಲ್ಲಿ ಪಿಷ್ಟ ಶೇಖರವಾಗುತ್ತದೆ, ಬೇರು ಮಾತ್ರ ಹಸಿದು ಸಾಯುತ್ತದೆ. ಬುಡಕ್ಕೆ ಎಷ್ಟು ಗೊಬ್ಬರ ಹಾಕಿದರೂ ಇಂಥ ಗಿಡ ಚೇತರಿಸಿಕೊಳ್ಳದಿದ್ದುದರ ಮರ್ಮ ಇದೇ.

ಇಂದಿಗೂ ರೋಗ ಹತ್ತಿದ ಗಿಡವನ್ನು ಪೂರ್ಣವಾಗಿ ಗುಣಪಡಿಸುವ ಚಿಕಿತ್ಸೆಯಿಲ್ಲ. 2004ರಲ್ಲಿ ಬ್ರೆಜಿಲ್ಲಿನಲ್ಲಿಯೂ 2005ರಲ್ಲಿ ಅಮೆರಿಕದ ಫ್ಲಾರಿಡದಲ್ಲಿಯೂ ಇದು ಪತ್ತೆಯಾಯಿತು. ಅನಂತರದ ವರ್ಷಗಳಲ್ಲಿ ಫ್ಲಾರಿಡದ ಕಿತ್ತಳೆಯ ಫಸಲು ಹಿಂದಿನದರ ಹತ್ತನೆಯ ಒಂದು ಪಾಲಿಗಿಂತಲೂ ಕೆಳಗಿಳಿಯಿತು. ಸಿಲ್ಲಾ ಕೀಟದ ಹತೋಟಿ ಮತ್ತು ನಿರೋಗಿ ಸಸಿಗಳ ನಾಟಿ, ಇವೆರಡೇ ಈಗಿನ ಮುಖ್ಯ ರಕ್ಷಣೋಪಾಯಗಳು. ಚಿಗುರಿನ ಸೂಕ್ಷ್ಮವಾದ ತುದಿಯನ್ನೇ ಕಸಿಮಾಡಿ ರೋಗಮುಕ್ತ ಸಸಿಗಳನ್ನು ಪಡೆಯುವ ವಿಧಾನವನ್ನು ನಾಗಪುರದ ನಿಂಬೆಜಾತಿಯ ಬೆಳೆಗಳ ಕೇಂದ್ರೀಯ ಸಂಶೋಧನ ಸಂಸ್ಥೆಯೂ ಬಳಕೆಗೆ ತಂದಿದೆ. ಆದರೆ ಕೊಳ್ಳುವ ಹೊತ್ತಿನಲ್ಲಿ ರೋಗದ ಸಸಿಯೂ ಹಸಿರಾಗಿಯೇ ಕಾಣಬಹುದು. ದೋಷ ಹೊರಬೀಳುವುದು ತೋಟಕ್ಕೆ ವರ್ಷಗಳ ದುಡಿಮೆ ಸಂದ ಮೇಲೆ. ಬೇಸಾಯಗಾರನ ಆ ದುಡಿಮೆಗೆ ರಕ್ಷಣೆ ದೊರೆಯಬೇಕಾದರೆ ಕಸಿಯ ಕಣ್ಣನ್ನು ಒದಗಿಸುವ ತಾಯಿಗಿಡದ ಪರೀಕ್ಷೆ ಸಸ್ಯಾಗಾರದಲ್ಲಿಯೇ ನಡೆಯುವುದು ಅವಶ್ಯಕ.