ಸೀಸ ಹೋಯಿತು, ಡಬ್ಬಿ ಬಂತು
ಮಗರಪಟ್ಟಾದ ನಿಮ್ಮ ಪಾರ್ಕಿಂಗ್‌ನಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿಯೋ ಮಾರುತಿಯೋ ನಿಂತಿದೆಯೇ? ಹಾಗಿದ್ದರೆ 1995ನೇ ಇಸವಿ ನೆನಪಿಡಿ. ಆ ಏಪ್ರಿಲ್‌ನಲ್ಲಿ ದೆಹಲಿ, ಮುಂಬೈ, ಕೋಲ್ಕತಾ, ಚೆನ್ನೈಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಸೈಲೆನ್ಸರ್ ಪೈಪಿನ ದಾರಿಯಲ್ಲಿ ಕೂತು ವಿಷದ ಹೊಗೆಯನ್ನು ಹದಕ್ಕೆ ತರುವ ಡಬ್ಬಿ ಅದು. ಸೀಸ ತಾಗಿದರೆ ಕೆಡುತ್ತದೆ. ಹಾಗಾಗಿ ಸೀಸರಹಿತ ಪೆಟ್ರೋಲೂ ಜೊತೆಗೇ ಬಂತು. 2000ದಲ್ಲಿ ಪುಣೆಯೂ ಸೇರಿ ದೇಶವಿಡೀ ಸೀಸದ ಪೆಟ್ರೋಲ್ ನಿಂತಿತು.

ಅದಕ್ಕೂ ಹಿಂದಿನ ಪದ್ಮಿನಿಗೆ ಡಬ್ಬಿಯೇ ಇಲ್ಲ. ಅದರ ಹೊಗೆಯ ಗುಟ್ಟು ಕಾರ್ಬುರೇಟರಿನಲ್ಲಿ. ಹೊಸದು ಸಿಗದಿದ್ದರೆ ಹಳೆಯದನ್ನೇ ತೊಳೆಸಿ, ಜೆಟ್, ಗ್ಯಾಸ್ಕೆಟ್ ಬದಲಿಸಿ, ಟ್ಯೂನ್ ಮಾಡಿಸಿ. ಡಬ್ಬಿಯಿದ್ದ ಕಾರಾದರೆ, ಸಿಗುತ್ತಿಲ್ಲವೆಂದು ಬರೀ ಪೈಪು ಹಾಕಿಸಬೇಡಿ. ಎಂಜಿನ್‌ಗೆ ಹೊಂದುವ ಬೇರೆ ಕನ್ವರ್ಟರ್ ಹುಡುಕಿಸಿ.

ಹಳೆಯ ಕಾರು ಉಳಿಯಲಿ. ಅದರ ಹಿಂದೆ ಸ್ಕೂಟರಿನಲ್ಲಿ ಬರುವವರ ಉಸಿರೂ ಉಳಿಯಲಿ.