ಪ್ರಥಮ ಮಹಾಯುದ್ಧ: ಜನರ ನಂಬಿಕೆಯೂ ಚರಿತ್ರಕಾರರ ಮರುವಿಚಾರವೂ

1914ರ ಜೂನ್ 28ರಂದು ಸರಯೇವೋ ನಗರದಲ್ಲಿ ಗವ್ರಿಲೋ ಪ್ರಿನ್ಸಿಪ್ ಎಂಬ ಹತ್ತೊಂಬತ್ತು ವರ್ಷದ ತರುಣನು ಆಸ್ಟ್ರಿಯ-ಹಂಗೆರಿಯ ಯುವರಾಜ ಫ್ರಾಂಜ್ ಫರ್ಡಿನೆಂಡನನ್ನೂ ಆತನ ಪತ್ನಿ ಸೋಫಿಯನ್ನೂ ಗುಂಡಿಟ್ಟು ಕೊಂದನು. ಆ ಗುಂಡೇ ಪ್ರಥಮ ಮಹಾಯುದ್ಧಕ್ಕೆ ಕಾರಣವೆಂದು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಆ ಕೊಲೆಗೂ ಬ್ರಿಟನ್ ಯುದ್ಧಕ್ಕಿಳಿದ ಆಗಸ್ಟ್ 4ಕ್ಕೂ ನಡುವೆ ಮೂವತ್ತೇಳು ದಿನಗಳ ಅಂತರವಿತ್ತು. ಆ ದಿನಗಳಲ್ಲಿ ತೀರ್ಮಾನ ಕೈಗೊಂಡವರು ಬೇರೆ, ಮುಂದೆ ಪ್ರಾಣ ತೆತ್ತವರು ಬೇರೆ. ಆದುದರಿಂದಲೇ ಚರಿತ್ರಕಾರರು ಆ ಕಾಲವನ್ನು ಮತ್ತೆ ಮತ್ತೆ ಪರಿಶೀಲಿಸುತ್ತ ಬಂದಿದ್ದಾರೆ.

ಮೊದಲನೆಯ ಪ್ರಶ್ನೆ, ತಪ್ಪು ಯಾರದು ಎಂಬುದು. ಕೊಲೆ ನಡೆದು ಸರಿಯಾಗಿ ಐದು ವರ್ಷಗಳಾದ ದಿನ, ಅಂದರೆ 1919ರ ಜೂನ್ 28ರಂದು, ಸಹಿಯಾದ ವರ್ಸೇಲ್ಸ್ ಒಪ್ಪಂದದ 231ನೆಯ ವಿಧಿಯು ಯುದ್ಧದ ಸಕಲ ನಷ್ಟಕ್ಕೂ ಜರ್ಮನಿ ಮತ್ತು ಅದರ ಮಿತ್ರರಾಷ್ಟ್ರಗಳೇ ಹೊಣೆಯೆಂದು ಸಾರಿತು. ಮುಂದಿನ ಎರಡು ದಶಕಗಳಲ್ಲಿ ಅಭಿಪ್ರಾಯ ಬದಲಾಯಿತು. ಯುದ್ಧಕಾಲದಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ಲಾಯ್ಡ್ ಜಾರ್ಜರೇ, ಯಾವ ದೇಶವೂ ಬಯಸದೆ ಎಲ್ಲವೂ ಯುದ್ಧಕ್ಕೆ ಜಾರಿಬಿದ್ದವೆಂದು ತಮ್ಮ ಸ್ಮೃತಿಗ್ರಂಥದಲ್ಲಿ ಬರೆದರು. ಈ ಮಾತು ಎಲ್ಲರಿಗೂ ಅನುಕೂಲಕರವಾಗಿತ್ತು. ಎಲ್ಲರೂ ತಪ್ಪಿತಸ್ಥರಾದರೆ ಯಾರೊಬ್ಬರೂ ಉತ್ತರ ಕೊಡಬೇಕಾಗಿಲ್ಲವಷ್ಟೆ.

1961ರಲ್ಲಿ ಹ್ಯಾಂಬರ್ಗಿನ ಪ್ರಾಧ್ಯಾಪಕ ಫ್ರಿಟ್ಜ್ ಫಿಷರ್ ಈ ನೆಮ್ಮದಿಯನ್ನು ಕದಡಿದರು. ಜರ್ಮನಿಯ ದಫ್ತರಗಳಲ್ಲಿ ದೊರೆತ 1914ರ ಸೆಪ್ಟೆಂಬರ್ 9ರ ಒಂದು ಪತ್ರವು ಬೆಲ್ಜಿಯಮನ್ನು ಅಂಕೆಯಲ್ಲಿಡುವ, ಫ್ರಾನ್ಸಿನ ಕಬ್ಬಿಣದ ಗಣಿಗಳನ್ನು ಪಡೆಯುವ, ಮಧ್ಯ ಆಫ್ರಿಕದಲ್ಲಿ ವಸಾಹತು ಕಟ್ಟುವ ಹವಣಿಕೆಯನ್ನು ತೋರಿಸಿತು. ತಮ್ಮ ದೇಶದ ಹೊಣೆಯನ್ನು ತಮ್ಮವನೇ ಬರೆದನೆಂದು ಅಲ್ಲಿ ದೊಡ್ಡ ಗದ್ದಲವೆದ್ದಿತು. 1964ರಲ್ಲಿ ಫಿಷರರ ಅಮೆರಿಕ ಪ್ರವಾಸಕ್ಕೆ ಕೊಡಬೇಕಾಗಿದ್ದ ಹಣವನ್ನು ಪಶ್ಚಿಮ ಜರ್ಮನಿಯ ಸರಕಾರ ಹಿಂತೆಗೆದುಕೊಂಡಿತು. 2012ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್ ಎಂಬ ವಿದ್ವಾಂಸರು ಬೆಲ್‌ಗ್ರೇಡ್, ವಿಯೆನ್ನ, ಪೀಟರ್ಸ್‌ಬರ್ಗ್, ಪ್ಯಾರಿಸ್‌ಗಳ ಪಾತ್ರವನ್ನೂ ಮುಂದಿಟ್ಟು, ಹೊಣೆಯನ್ನು ಹಲವರಿಗೆ ಹಂಚಿದರು. ವಾದವಿನ್ನೂ ಮುಗಿದಿಲ್ಲ. ಆದರೆ ಯುದ್ಧವು ವಿಧಿಲಿಖಿತವಾಗಿರಲಿಲ್ಲ, ಮನುಷ್ಯರ ತೀರ್ಮಾನಗಳಿಂದ ಬಂದಿತೆಂಬುದು ಈ ವಾದದಿಂದಲೇ ಸ್ಪಷ್ಟವಾಗಿದೆ.

ಎರಡನೆಯದು, ಜನರು ಕುಣಿಯುತ್ತ ಯುದ್ಧಕ್ಕೆ ಹೊರಟರೆಂಬ ನಂಬಿಕೆ. ಟೋಪಿ ಬೀಸುವ ನಗರದ ಗುಂಪುಗಳ ಛಾಯಾಚಿತ್ರಗಳು ಇದಕ್ಕೆ ಸಾಕ್ಷಿಯೆನ್ನಿಸಿದ್ದವು. ಫ್ರೆಂಚ್ ಚರಿತ್ರಕಾರ ಜಾನ್ ಜಾಕ್ ಬೆಕೆರ್ 1977ರಲ್ಲಿ ಹಳ್ಳಿಯ ಶಾಲಾ ಉಪಾಧ್ಯಾಯರು ಅಂದು ಬರೆದಿಟ್ಟ ಟಿಪ್ಪಣಿಗಳನ್ನು ಓದಿ ನೋಡಿದರು. ಅದು ಸುಗ್ಗಿಯ ಕಾಲ. ಬೆಂಕಿಯ ಅಪಾಯವನ್ನು ಸಾರುತ್ತಿದ್ದ ದೇವಾಲಯದ ಗಂಟೆಯೇ 1914ರ ಆಗಸ್ಟ್ 1ರಂದು ಯುದ್ಧದ ಕರೆಯನ್ನೂ ಸಾರಿತು. ಹೊಲದಲ್ಲಿದ್ದವರಿಗೆ ಆದುದು ದಿಗ್ಭ್ರಮೆ, ಆತಂಕ. ಆಮೇಲೆ ಕರ್ತವ್ಯವೆಂದು ಹೊರಟರೇ ಹೊರತು ಹರ್ಷದಿಂದಲ್ಲ. ಜನರೇ ಯುದ್ಧವನ್ನು ಬಯಸಿದರೆಂಬ ಆರೋಪ ಹೀಗೆ ಬಹುಮಟ್ಟಿಗೆ ಬಿದ್ದುಹೋಯಿತು.

ಮೂರನೆಯದು, 1914ರ ಕ್ರಿಸ್‌ಮಸ್ಸಿನ ಕದನವಿರಾಮ. ಆ ಹಬ್ಬದಂದಾದರೂ ತುಪಾಕಿಗಳು ಮೌನವಾಗಿರಲೆಂದು ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಕೇಳಿಕೊಂಡರು; ಸರಕಾರಗಳು ಒಪ್ಪಲಿಲ್ಲ. ಆದರೂ ಹಲವೆಡೆ ಸೈನಿಕರೇ ಕಂದಕಗಳಿಂದ ಮೇಲೆ ಬಂದು ಕೈಕುಲುಕಿದರು. ರಣರಂಗವೆಲ್ಲ ಕಾಲ್ಚೆಂಡಾಟದ ಬಯಲಾಯಿತೆಂಬ ಜನಪ್ರಿಯ ಚಿತ್ರವನ್ನು ಮಾತ್ರ ಚರಿತ್ರಕಾರರು ಒಪ್ಪುವುದಿಲ್ಲ. ವಿರಾಮವು ಹೆಚ್ಚಾಗಿ ಬ್ರಿಟಿಷರೂ ಜರ್ಮನರೂ ಎದುರುಬದುರಾಗಿದ್ದ ಕಡೆ ನಡೆಯಿತು, ಬೇರೆಡೆ ಅಂದೂ ಸಾವುಗಳಾದವು, ಆಟಕ್ಕೆ ಆಧಾರ ಅಲ್ಪ. ಸತ್ತವರನ್ನು ಹೂಳಲು ಅನೇಕರು ಆ ಸಮಯವನ್ನು ಬಳಸಿಕೊಂಡರು. ಕಟ್ಟುಕತೆಗಿಂತ ಈ ಸತ್ಯವೇ ಹೃದಯಸ್ಪರ್ಶಿಯಾದುದಲ್ಲವೇ? 1917ರ ಆಗಸ್ಟ್ 1ರಂದು ಜಗದ್ಗುರುಗಳು ಶಸ್ತ್ರಗಳ ಇಳಿಕೆ, ಪಂಚಾಯಿತಿಯ ಮೂಲಕ ತೀರ್ಮಾನ, ಬೆಲ್ಜಿಯಮಿನ ಬಿಡುಗಡೆ ಮುಂತಾದ ಸಲಹೆಗಳನ್ನು ಕಳುಹಿಸಿದಾಗ, ಅವರು ಎದುರಾಳಿಯ ಪರವೆಂದು ಎರಡು ಪಕ್ಷಗಳೂ ಸಂಶಯಪಟ್ಟವು.

ಕೊನೆಯದಾಗಿ, ಇದು ಐರೋಪ್ಯರ ಯುದ್ಧವೆಂಬ ಭಾವನೆ. ಭಾರತದಿಂದ ಹತ್ತು ಲಕ್ಷಕ್ಕೂ ಮೀರಿ ಜನರು ಕಡಲಾಚೆ ಸೇವೆಗೆ ಹೋದರು. ಸುಮಾರು 74,000 ಮಂದಿ ಮಡಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಅಶ್ವದಳದವರೂ ಇದ್ದರು. ಮಡಿದವರನ್ನು ಸ್ಮರಿಸುವಲ್ಲಿ ಭೇದವೆಣಿಸುವುದಿಲ್ಲವೆಂಬುದು 1917ರಲ್ಲಿ ಸ್ಥಾಪಿತವಾದ ಸಾಮ್ರಾಜ್ಯ ಯುದ್ಧಸಮಾಧಿ ಆಯೋಗದ ತತ್ತ್ವವಾಗಿತ್ತು. ಆದರೆ ಅದರ ಉತ್ತರಾಧಿಕಾರಿ ಸಂಸ್ಥೆಯೇ 2021ರಲ್ಲಿ ಪ್ರಕಟಿಸಿದ ವರದಿಯು, ಕಡಿಮೆಯೆಂದರೂ 1,16,000 ಮಂದಿಯನ್ನು, ಪ್ರಾಯಶಃ 3,50,000 ಮಂದಿಯನ್ನು, ಹೆಸರು ಹೇಳಿ ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲವೆಂದು ಒಪ್ಪಿಕೊಂಡಿತು. ಅವರಲ್ಲಿ ಹೆಚ್ಚಿನವರು ಆಫ್ರಿಕ ಮತ್ತು ಮಧ್ಯಪ್ರಾಚ್ಯದವರು. ಸೈನ್ಯದ ಹೊರೆ ಹೊತ್ತ ಕೂಲಿಗಳು ಎಷ್ಟೋ ಮಂದಿ.

ನಮ್ಮ ದೇವಾಲಯಗಳ ಮರಣದಾಖಲೆಯ ಪುಸ್ತಕದಲ್ಲಿ ಬಡವನ ಹೆಸರಿಗೂ ಧನಿಕನ ಹೆಸರಿಗೂ ಒಂದೊಂದೇ ಸಾಲು. ಚರಿತ್ರಕಾರರು ನೂರು ವರ್ಷಗಳ ಬಳಿಕ ಹುಡುಕುತ್ತಿರುವುದು ಅಂತಹ ಬರೆಯದೆ ಉಳಿದ ಸಾಲುಗಳನ್ನು. ಹಿಂದಿನವರನ್ನು ನೆನೆಯುವ ನಾವು, ಹೆಸರಿಲ್ಲದೆ ಹೋದ ಅವರನ್ನೂ ಒಂದು ಗಳಿಗೆ ನೆನೆಯೋಣ.